ನೂರು ಯೋಜನವೂ ಒಂದು ಡಬ್ಬಿ ಪುಡಿಯೂ

ನಮ್ಮ ಆರ್‌ಪಿಸಿ ಲೇಔಟಿನ ಅಂಗಡಿಗಳಲ್ಲಿ ಈಗ ಸಕ್ಕರೆ ಕಾಯಿಲೆ ಬರದಂತೆ ತಡೆಯೋಕೆ ಪುಡಿ, ಬೊಜ್ಜು ಕರಗಿಸೋಕೆ ಕಷಾಯ. ಎಲ್ಲದರ ಮೇಲೂ ‘ಆಯುರ್ವೇದ’ ಅನ್ನೋ ಹಸಿರು ಚೀಟಿ. ನನ್ನ ತಕರಾರು ಆಯುರ್ವೇದದ ಮೇಲಲ್ಲ, ಆ ಚೀಟಿಯ ಮೇಲೆ.

ಪ್ರಮೇಹ ಅಂದರೆ ಮಧುಮೇಹವೂ ಸೇರಿದ ರೋಗಗಳ ಗುಂಪು. ಅದು ಯಾಕೆ ಬರುತ್ತೆ ಅಂತ ಚರಕ ಸಂಹಿತೆ ಕೊಡುವ ಪಟ್ಟಿ ಶುರುವಾಗೋದೇ ಕೂತಲ್ಲೇ ಕೂರುವ ಸುಖ, ಮಲಗುವ ಸುಖದಿಂದ. ಆಮೇಲೆ ಮೊಸರು, ಹೊಸ ಧಾನ್ಯ, ಬೆಲ್ಲದ ತಿನಿಸು. ಹೌದು, ಬೆಲ್ಲ! ‘ಸಕ್ಕರೆ ಬಿಡಿ, ಬೆಲ್ಲ ಎಷ್ಟಾದ್ರೂ ತಿನ್ನಿ’ ಅಂತ ಉಪದೇಶ ಮಾಡುವವರು ಇದನ್ನೊಮ್ಮೆ ಓದಬೇಕು. ಸುಶ್ರುತನಂತೂ ದುಡ್ಡಿಲ್ಲದ ರೋಗಿಗೆ ಚಪ್ಪಲಿ, ಕೊಡೆ ಇಲ್ಲದೆ ನೂರು ಯೋಜನ ನಡೆ ಅನ್ನುತ್ತಾನೆ. ಎಷ್ಟು ಕಮ್ಮಿ ಲೆಕ್ಕ ಹಿಡಿದರೂ ಅದು ನೂರಾರು ಕಿಲೋಮೀಟರ್ ಆಗುತ್ತೆ.

ನಡಿಗೆಯನ್ನು ಡಬ್ಬಿಗೆ ತುಂಬಿ ಮಾರೋಕಾಗಲ್ಲ. ಹಾಗಾಗಿ ಶಾಸ್ತ್ರದ ಹೆಸರು ಉಳಿಯಿತು, ಶಾಸ್ತ್ರ ಹೇಳಿದ ಕಷ್ಟ ಹೋಯಿತು. ಮಧುಮೇಹ, ಬೊಜ್ಜು, ರಕ್ತದೊತ್ತಡಗಳನ್ನು ವಾಸಿ ಮಾಡ್ತೀವಿ ಅಂತಷ್ಟೇ ಅಲ್ಲ, ತಡೀತೀವಿ ಅಂತ ಔಷಧಿಯ ಜಾಹೀರಾತು ಕೊಡೋದನ್ನೂ 1954ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಕೇಳುವವರು ಯಾರು?

ಡಾಕ್ಟರು ಬರೆದ ಮಾತ್ರೆ ನಿಲ್ಲಿಸಿ ಪುಡಿ ನಂಬಿದವರು ಕಳೆದುಕೊಳ್ಳೋದು ದುಡ್ಡು ಮಾತ್ರ ಅಲ್ಲ. ಕಣ್ಣು, ಕಿಡ್ನಿ ಕೂಡ. ಇನ್ನೂ ರೋಗ ಬಾರದವರು ಅತ್ತಿಗುಪ್ಪೆ ಮೆಟ್ರೋವರೆಗೆ ಆಟೋ ಬಿಟ್ಟು ನಡೆಯಲಿ. ಫುಟ್‌ಪಾತಿನ ಮೇಲೆ ಬೈಕ್ ನಿಲ್ಲಿಸುವವರು ದಯವಿಟ್ಟು ದಾರಿ ಬಿಡಲಿ. ಚರಕನಿಗೆ ಕೊಡುವ ಮರ್ಯಾದೆ ಅಷ್ಟೇ ಸಾಕು.