ತಂಬೂರಿ ಕೇಳುವ ಬಗೆ

ಶಾಸ್ತ್ರೀಯ ಸಂಗೀತಕ್ಕೆ ಹೊಸದಾಗಿ ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಇದು ಇಂಥ ರಾಗ ಅಂತ ಗೊತ್ತಾಗೋದು ಹೇಗೆ?’ ಆ ಪ್ರಶ್ನೆಯನ್ನು ಕೆಲವು ತಿಂಗಳು ಪಕ್ಕಕ್ಕಿಡಿ. ರಾಗದ ಹೆಸರು ಹುಡುಕುತ್ತಾ ಕೂತವರಿಗೆ ನಾದ ಕೇಳಿಸುವುದಿಲ್ಲ. ಹಾಡುವವರ ಬೆನ್ನ ಹಿಂದೆ ಕೂತು, ಯಾರ ಕಣ್ಣಿಗೂ ಬೀಳದಂತೆ ನಾಲ್ಕು ತಂತಿ ಮೀಟುತ್ತಾರಲ್ಲ, ಅವರ ಕಡೆಗೆ ಮೊದಲು ಕಿವಿ ಕೊಡಿ. ಮುಂದೆ ನಡೆಯುವ ಎಲ್ಲ ಸಂಗೀತವೂ ಆ ತಂತಿಗಳ ಮೇಲೆಯೇ ನಿಂತಿರುತ್ತದೆ.

ಕಛೇರಿಗೆ ಅರ್ಧ ಗಂಟೆ ಮುಂಚೆ ಹೋಗಿ. ಶ್ರುತಿ ಮಾಡಿಕೊಳ್ಳುವುದನ್ನು ನೋಡುವುದಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. ತಂಬೂರಿಯ ಮೊದಲ ತಂತಿ ಮಂದ್ರ ಪಂಚಮ, ನಡುವಿನ ಜೋಡಿ ಮಧ್ಯ ಷಡ್ಜ, ಕೊನೆಯದು ಮಂದ್ರ ಷಡ್ಜ. ಬಿರಡೆ ತಿರುಗಿಸಿ ತಂತಿಯನ್ನು ಸ್ವರದ ಸಮೀಪಕ್ಕೆ ತರುತ್ತಾರೆ. ಉಳಿದ ಕೂದಲೆಳೆಯಷ್ಟು ಅಂತರವನ್ನು ಕೆಳಗಿರುವ ಮಣಿ ಸರಿಸಿ ಮುಚ್ಚುತ್ತಾರೆ. ನಡುವಿನ ಜೋಡಿಯನ್ನು ಗಮನಿಸಿ. ಒಂದು ತಂತಿ ಸೆಕೆಂಡಿಗೆ 200 ಸಲ, ಇನ್ನೊಂದು 202 ಸಲ ಕಂಪಿಸುತ್ತಿದ್ದರೆ ಸೆಕೆಂಡಿಗೆ ಎರಡು ಬಾರಿ ನಾದ ಉಬ್ಬಿ ಇಳಿಯುತ್ತದೆ. ಮಣಿ ಸರಿದಂತೆ ಆ ಏರಿಳಿತ ನಿಧಾನವಾಗುತ್ತದೆ, ಆಮೇಲೆ ಇಲ್ಲವಾಗುತ್ತದೆ. ಅದು ಇಲ್ಲವಾದ ಗಳಿಗೆಯನ್ನು ನಿಮ್ಮ ಕಿವಿ ತಾನಾಗಿ ಹಿಡಿಯಿತು ಎಂದರೆ ರಸಿಕತೆಯ ಮೊದಲ ಮೆಟ್ಟಿಲು ಹತ್ತಿದಿರಿ. ಇದಕ್ಕೆ ಸಂಗೀತ ಕಲಿತಿರಬೇಕಾಗಿಲ್ಲ.

ಆಮೇಲೆ ಬರುವುದು ದಾರದ ಕೆಲಸ. ತಂತಿಗಳನ್ನು ಹೊತ್ತ ಕುದುರೆ ತಂಬೂರಿಯಲ್ಲಿ ಅಗಲವಾಗಿರುತ್ತದೆ, ಮೇಲ್ಮೈ ತುಸುವೇ ಬಾಗಿರುತ್ತದೆ. ತಂತಿಗೂ ಕುದುರೆಗೂ ನಡುವೆ ಒಂದೆಳೆ ನೂಲು ತೂರಿಸಿ ಹಿಂದೆ ಮುಂದೆ ಸರಿಸುತ್ತಾರೆ. ಒಂದು ಜಾಗಕ್ಕೆ ಬಂದಾಗ ಅಷ್ಟು ಹೊತ್ತು ಮುದುಡಿಕೊಂಡಿದ್ದ ದನಿ ಒಮ್ಮೆಗೇ ಅರಳುತ್ತದೆ. ಜೀವಾಳಿ ಕೂತಿತು ಎನ್ನುವುದು ಇದಕ್ಕೆ. ಕಂಪಿಸುವ ತಂತಿ ಆ ಬಾಗಿದ ಮೇಲ್ಮೈಯನ್ನು ಮತ್ತೆ ಮತ್ತೆ ಸವರಿಕೊಂಡು ಹೋಗುವುದರಿಂದ, ಮೂಲ ಸ್ವರದ ಜೊತೆಗೆ ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನವಿರುವ ಉಪಸ್ವರಗಳೂ ಬಲವಾಗಿ ಹೊಮ್ಮುತ್ತವೆ.

ಈಗ ಕೊನೆಯ ತಂತಿಯನ್ನು ಮಾತ್ರ ಹಿಂಬಾಲಿಸಿ. ಮಂದ್ರ ಷಡ್ಜ 100 ಹರ್ಟ್ಸ್ ಇದೆ ಎಂದುಕೊಳ್ಳಿ. 200, 400 ಎರಡೂ ಷಡ್ಜವೇ. 300 ಪಂಚಮ. 500? ಅದು ಅಂತರ ಗಾಂಧಾರ. ಯಾರೂ ಶ್ರುತಿ ಮಾಡಿಡದ, ಯಾವ ತಂತಿಗೂ ಕಟ್ಟದ ಗಾಂಧಾರವೊಂದು ಷಡ್ಜದೊಳಗಿನಿಂದಲೇ ಎದ್ದು ಬರುತ್ತದೆ. ಸಂಗೀತಗಾರರು ಅದನ್ನು ಸ್ವಯಂಭೂ ಗಾಂಧಾರ ಎಂದು ಗುರುತಿಸುತ್ತಾರೆ. ಪಂಚಮದ ತಂತಿಯೂ ಸುಮ್ಮನಿರುವುದಿಲ್ಲ, ಅದರ ಮೂರರಷ್ಟು ಕಂಪನದ ಉಪಸ್ವರ ಚತುಶ್ರುತಿ ರಿಷಭ, ಐದರಷ್ಟರದು ಕಾಕಲಿ ನಿಷಾದ. ಮೊದಲ ದಿನವೇ ಇವೆಲ್ಲ ಕೇಳಿಸದಿದ್ದರೆ ನಿರಾಶರಾಗಬೇಡಿ. ಗಾಂಧಾರವನ್ನು ಮೆಲ್ಲಗೆ ಬಾಯಲ್ಲಿ ಗುನುಗಿ, ನಿಲ್ಲಿಸಿ, ಮತ್ತೆ ಕೇಳಿ. ಏನನ್ನು ಹುಡುಕಬೇಕೆಂದು ಗೊತ್ತಾದ ಕಿವಿಗೆ ಅದು ಬೇಗ ಸಿಗುತ್ತದೆ.

ಸಿ.ವಿ. ರಾಮನ್ ಅವರನ್ನು ಬೆರಗುಗೊಳಿಸಿದ್ದೂ ಈ ಕುದುರೆಯೇ. ಅವರಿಗೆ ನೊಬೆಲ್ ಬಂದದ್ದು 1930ರಲ್ಲಿ, ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದದ್ದು 1933ರಲ್ಲಿ. ಅದಕ್ಕೂ ಮುಂಚೆ, ಕಲ್ಕತ್ತೆಯಲ್ಲಿದ್ದಾಗ, 1921ರಲ್ಲಿ ಅವರು ವೀಣೆ ತಂಬೂರಿಗಳ ಕುರಿತು ಒಂದು ಪ್ರಬಂಧ ಪ್ರಕಟಿಸಿದರು. ತಂತಿಯನ್ನು ನಟ್ಟನಡುವೆ ಮೀಟಿದರೆ, ಆ ಬಿಂದುವಿನಲ್ಲಿ ಅಲುಗದೆ ನಿಲ್ಲುವ ಉಪಸ್ವರಗಳು ಹುಟ್ಟಲೇಬಾರದು ಎಂಬುದು ಭೌತವಿಜ್ಞಾನಿ ಥಾಮಸ್ ಯಂಗ್ ಕಾಲದಿಂದ ಬಂದ ನಿಯಮ. ತಂಬೂರಿಯ ತಂತಿಯನ್ನು ನಡುವೆ ಮೀಟಿ, ತಕ್ಷಣ ಅದೇ ಜಾಗವನ್ನು ಬೆರಳಿಂದ ಮುಟ್ಟಿ ನೋಡಿ. ನಿಯಮದ ಪ್ರಕಾರ ಎಲ್ಲವೂ ನಿಶ್ಶಬ್ದವಾಗಬೇಕು. ಆದರೆ ಮೇಲಿನ ಷಡ್ಜ ಗಟ್ಟಿಯಾಗಿ ಹಾಡುತ್ತಲೇ ಇರುತ್ತದೆ! ಹೆಸರು ಗೊತ್ತಿಲ್ಲದ ಕುಶಲಕರ್ಮಿಗಳು ಬರೀ ಕಿವಿ ನಂಬಿ ತಿದ್ದಿ ತಿದ್ದಿ ರೂಪಿಸಿದ ಮರದ ಒಂದು ತುಂಡು, ಪುಸ್ತಕದ ನಿಯಮ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ತೋರಿಸಿಕೊಟ್ಟಿತು. ನಮ್ಮ ದೇಶದ ವಿಜ್ಞಾನದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಪುಟ ಇದು.

ಮನೆಯಲ್ಲಿ ಅಭ್ಯಾಸಕ್ಕೆ ತಂಬೂರಿಯೇ ಬೇಕೆಂದಿಲ್ಲ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಬೀದಿಯ ಟ್ರಾನ್ಸ್‌ಫಾರ್ಮರಿನ ಕಬ್ಬಿಣ ಪ್ರತಿ ಆವರ್ತದಲ್ಲಿ ಎರಡು ಸಲ ಹಿಗ್ಗಿ ಕುಗ್ಗುವುದರಿಂದ ಅದು ಗುಂಯ್‌ಗುಡುವುದು 100 ಹರ್ಟ್ಸ್‌ನಲ್ಲಿ. ಐದು ಮನೆ ಶ್ರುತಿಯಲ್ಲಿ ಹಾಡುವವರ ಮಂದ್ರ ಷಡ್ಜಕ್ಕೆ ಅದು ತೀರ ಹತ್ತಿರ, ತುಸು ಮೇಲೆ. ರಾತ್ರಿ ಬೀದಿ ಅಡಗಿದ ಮೇಲೆ ಕಿಟಕಿಯ ಬಳಿ ನಿಂತು ಅದರೊಂದಿಗೆ ಸ ಹಿಡಿಯಿರಿ. ದನಿ ಅದರೊಳಗೆ ಸೇರಿದಾಗ ಎದೆಯಲ್ಲಿ ಗೊತ್ತಾಗುತ್ತದೆ, ತಪ್ಪಿದಾಗ ಏರಿಳಿತ ಹೇಳಿಬಿಡುತ್ತದೆ. ಫ್ರಿಜ್ಜು, ಹಳೆಯ ಟ್ಯೂಬ್‌ಲೈಟಿನ ಚೋಕು, ಎಲ್ಲದರಲ್ಲೂ ಒಂದು ಆಧಾರ ಸ್ವರ ಇದೆಯೇ ಎಂದು ಹುಡುಕಿ.

ಇನ್ನು ಯಂತ್ರದ ವಿಷಯ. 1970ರ ದಶಕದ ಕೊನೆಯ ಹೊತ್ತಿಗೆ ಬೆಂಗಳೂರಿನಲ್ಲಿ, ಇಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ಶ್ರುತಿ ಯಂತ್ರದ ಕೆಲಸಕ್ಕೆ ಕೈಹಾಕಿದರು. ಅವರ ರಾಡೆಲ್ ಪೆಟ್ಟಿಗೆಗಳು ಪಾಠದ ಮನೆಗಳನ್ನು ಸೇರಿದವು, ಈಗ ಮೊಬೈಲಿನ ಆ್ಯಪು ಎಲ್ಲರ ಜೇಬಿನಲ್ಲಿದೆ. ಇದನ್ನು ಕಂಡು ಮೂಗು ಮುರಿಯುವವರನ್ನು ನಾನು ಒಪ್ಪುವುದಿಲ್ಲ. ಬಾಡಿಗೆಯ ಒಂದು ಕೋಣೆಯಲ್ಲಿ, ಅಡುಗೆ ಮುಗಿಸಿ ಕೆಲಸಕ್ಕೆ ಹೊರಡುವ ಮೊದಲು ಹತ್ತು ನಿಮಿಷ ಶ್ರುತಿಯಲ್ಲಿ ಹಾಡಬಲ್ಲ ಹೆಣ್ಣುಮಗಳಿಗೆ ಅದು ದೊಡ್ಡ ಉಪಕಾರ. ಆದರೆ ಕೇಳುಗರಾಗಿ ವ್ಯತ್ಯಾಸ ತಿಳಿದಿರಿ. ಧ್ವನಿಮುದ್ರಿಸಿದ ಒಂದೇ ತುಣುಕನ್ನು ಸುತ್ತಿಸುವ ಆ್ಯಪಿನಲ್ಲಿ ಪ್ರತಿ ಮೀಟು ಹಿಂದಿನದರ ನಕಲು. ಮನುಷ್ಯರ ಬೆರಳು ಮೀಟಿದಾಗ ಒಮ್ಮೆ ಗಾಂಧಾರ ಮುಂದೆ ಬರುತ್ತದೆ, ಒಮ್ಮೆ ಪಂಚಮ ಹರಡುತ್ತದೆ. ಹಾಡುವವರು ಆ ಬದಲಾವಣೆಗೆ ತಿಳಿದೋ ತಿಳಿಯದೆಯೋ ಓಗೊಡುತ್ತಾರೆ.

ಮೊದಲ ಕೇಳ್ಮೆಗೆ ದೊಡ್ಡ ಚಪ್ಪರಕ್ಕಿಂತ ಮನೆಯ ಬೈಠಕ್ಕು ಮೇಲು. ಬೆಂಗಳೂರಿನ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಕಛೇರಿಗಳು 1939ರಿಂದ ಬಂದ ಹಬ್ಬವೇ ಸರಿ, ಆದರೆ ಅಲ್ಲಿ ತಂಬೂರಿ ನಿಮ್ಮನ್ನು ಮುಟ್ಟುವುದು ಧ್ವನಿವರ್ಧಕ ದಾಟಿಕೊಂಡು. ಧ್ವನಿಮುದ್ರಣ ಬೇಕಿದ್ದರೆ ಕಿರಾಣಾ ಘರಾಣೆಯಿಂದ ಶುರುಮಾಡಿ. ಮಿರಜದಲ್ಲಿ ನೆಲೆಸಿದ್ದ ಅಬ್ದುಲ್ ಕರೀಂ ಖಾನ್, ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವ, ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಒಂದೊಂದೇ ಸ್ವರದ ಮೇಲೆ ನಿಂತು ಆಲಾಪ ಬೆಳೆಸುವ ಈ ಪರಂಪರೆಗೆ ತಂಬೂರಿ ಇನ್ನೊಂದು ಶಾರೀರ. ಅದೇ ಮಿರಜ ಇವತ್ತಿಗೂ ಸೋರೆಬುರುಡೆಯ ತಂಬೂರಿಗಳಿಗೆ ಹೆಸರಾದ ಊರು.

ಕಿವಿ ಪಳಗಿದ ಮೇಲೆ ಕಷ್ಟದ ರಾಗಗಳಿಗೆ ಹೋಗಿ. ಶುಭಪಂತುವರಾಳಿಯದು ಸಾಧಾರಣ ಗಾಂಧಾರ, ತಂಬೂರಿಯಲ್ಲಿ ಏಳುವುದು ಅಂತರ ಗಾಂಧಾರ. ಎರಡೂ ಪಕ್ಕಪಕ್ಕದಲ್ಲಿ ನಿಂತಾಗಿನ ಒತ್ತಡವೇ ಆ ರಾಗದ ಅಳಲಿಗೆ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಮಾಲಕಂಸದಲ್ಲಿ ಪಂಚಮವೇ ಇಲ್ಲ, ಹಾಗಾಗಿ ಮೊದಲ ತಂತಿಯನ್ನು ಮಧ್ಯಮಕ್ಕೆ ಇಳಿಸುತ್ತಾರೆ. ತಂಬೂರಿಯ ಬಣ್ಣವೇ ಬದಲಾಗುತ್ತದೆ, ಹಾಡು ಶುರುವಾಗುವ ಮೊದಲೇ ನಿಮಗೆ ಅರ್ಧ ರಾಗ ತಿಳಿದಿರುತ್ತದೆ.

ಕಛೇರಿ ಮುಗಿದ ಮೇಲೆ ಕಲಾವಿದರ ಅನುಮತಿ ಕೇಳಿ ಒಮ್ಮೆ ತಂಬೂರಿಯನ್ನು ನೀವೇ ಹಿಡಿದು ನೋಡಿ. ಪಂಚಮಕ್ಕೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು. ಉಗುರು ತಾಗಿಸಬೇಡಿ, ಬೆರಳಿನ ಮೆದು ಭಾಗದಿಂದ ತಂತಿಯನ್ನು ಸವರಿ ಬಿಡಿ. ತಾಳಕ್ಕೆ ಮೀಟಬಾರದು. ಹಾಡು ಎಷ್ಟೇ ಓಡಲಿ, ಕೈ ತನ್ನದೇ ನಡೆಯಲ್ಲಿರಲಿ.