ಬಾಗಿಲು ತೆಗೆಯೇ ಸೇಸಮ್ಮ: ದೆಹಲಿಯ ಬೊಂಬೆಗಲ್ಲಿಯ ಕುರಿತು

ಆಲಿಬಾಬಾನ ಗವಿಯ ಬಾಗಿಲು ತೆಗೆಸುವ ಮಂತ್ರವನ್ನು ನಾವು ಕನ್ನಡಿಗರು ಮನೆಯ ಹೆಂಗಸೊಬ್ಬಳ ಹೆಸರನ್ನಾಗಿ ಮಾಡಿಕೊಂಡುಬಿಟ್ಟಿದ್ದೇವೆ. ‘ಬಾಗಿಲು ತೆಗೆಯೇ ಸೇಸಮ್ಮ’ ಎಂದಾಗ, ಒಳಗೆ ಒಬ್ಬಳು ಅಜ್ಜಿ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಕುಳಿತಿದ್ದಾಳೆ, ಸ್ವಲ್ಪ ಪುಸಲಾಯಿಸಿದರೆ ಎದ್ದು ಬರುತ್ತಾಳೆ ಎಂದೇ ಮಕ್ಕಳಿಗೆ ತೋರುತ್ತದೆ. ಮೂಲದಲ್ಲಿ ಅದು ಬರೀ ಎಳ್ಳು. ಹಿಂದಿಯವರಿಗೆ ಅದು ‘ಸಿಮ್ ಸಿಮ್’. ಅಮೆರಿಕದಲ್ಲಿ 1969ರ ನವೆಂಬರ್ 10ರಂದು ಮೊದಲಾದ ‘ಸೆಸಮಿ ಸ್ಟ್ರೀಟ್’ ಎಂಬ ಮಕ್ಕಳ ಕಾರ್ಯಕ್ರಮಕ್ಕೆ ಹೆಸರು ಬಂದದ್ದು ಈ ಎಳ್ಳಿನಿಂದಲೇ. ಅದರ ಭಾರತೀಯ ಅವತಾರ ‘ಗಲ್ಲಿ ಗಲ್ಲಿ ಸಿಮ್ ಸಿಮ್’. 2006ರ ಆಗಸ್ಟ್ 15ರಂದು ಅದು ಕಿರುತೆರೆಗೆ ಬಂತು. ಮೊದಲು ಮಕ್ಕಳ ಚಾನೆಲ್ಲುಗಳಲ್ಲಿ, ಅನಂತರ ದೂರದರ್ಶನದಲ್ಲಿ. ತಯಾರಾದದ್ದು ನಮ್ಮ ಈ ರಾಜಧಾನಿಯ ಪರಿಸರದಲ್ಲೇ.

ಹತ್ತೊಂಬತ್ತು ಇಪ್ಪತ್ತು ವರ್ಷಗಳ ಹಿಂದಿನ ಮಕ್ಕಳ ಕಾರ್ಯಕ್ರಮವನ್ನು ಈಗ ವಿಮರ್ಶೆಗೆ ಎತ್ತಿಕೊಳ್ಳುವುದೇಕೆ ಎಂದು ಓದುಗರು ಕೇಳಬಹುದು. ಅಂದು ಅದನ್ನು ನೋಡಿದ ಐದು ವರ್ಷದ ಕೂಸುಗಳು ಇಂದು ಕೆಲಸಕ್ಕೆ ಹೋಗುವ ವಯಸ್ಸಿನವರು. ಇಂಥ ಕಾರ್ಯಕ್ರಮ ಎಷ್ಟು ವರ್ಷ ನಡೆದರೂ ಒಂದೊಂದು ಮನೆಯಲ್ಲಿ ಅದರ ಆಯುಸ್ಸು ಚಿಕ್ಕದು. ಮಗು ಮೂರಕ್ಕೆ ಹಿಡಿದುಕೊಳ್ಳುತ್ತದೆ, ಏಳಕ್ಕೆ ಕೈಬಿಡುತ್ತದೆ. ಆದರೆ ಆ ನಾಲ್ಕು ವರ್ಷಗಳಲ್ಲೇ ಮಗುವಿನ ನಾಲಿಗೆ ಯಾವ ಭಾಷೆಯಲ್ಲಿ ಆಟವಾಡಬೇಕೆಂಬುದೂ ತೀರ್ಮಾನವಾಗಿಬಿಡುತ್ತದೆ. ವಲಸೆ ಬಂದ ಸಂಸಾರಗಳಿಗೆ ಇದು ಸಣ್ಣ ಮಾತಲ್ಲ.

ಬೊಂಬೆಗಳ ವಿಷಯಕ್ಕೆ ಬರೋಣ. ಚಮ್ಕಿ ಐದು ವರ್ಷದ ಹುಡುಗಿ, ಶಾಲೆಯ ಸಮವಸ್ತ್ರ ತೊಟ್ಟವಳು, ಬಾಯಿ ತೆಗೆದರೆ ಪ್ರಶ್ನೆ. ಬೂಂಬಾ ಎಂಬುದು ಸಿಂಹ. ಆದರೆ ಸಸ್ಯಾಹಾರಿ, ಭಾಂಗ್ಡಾ ಕುಣಿತದ ಹುಚ್ಚು ಬೇರೆ. ಗೂಗ್ಲಿ ನೀಲಿ ಬಣ್ಣದ ಸಂಕೋಚದ ಪ್ರಾಣಿ. ಆಂಛೂ ಸೀನಿದರೆ ಸಾಕು, ಕತೆಯ ಲೋಕಕ್ಕೆ ಹಾರಿಬಿಡುತ್ತಾಳೆ. ಈ ನಾಲ್ವರಲ್ಲಿ ನನ್ನ ಮಟ್ಟಿಗೆ ಗೆದ್ದವಳು ಚಮ್ಕಿ. ಹೆಣ್ಣುಮಗುವನ್ನು ಶಾಲೆಗೆ ಕಳಿಸಿರೆಂದು ಒಂದು ಸಲವೂ ಉಪದೇಶಿಸದೆ, ಸಮವಸ್ತ್ರವನ್ನೇ ಅವಳ ಮೈಯ ಚರ್ಮವಾಗಿಸಿದ್ದು ಜಾಣತನ. ನಮ್ಮ ಸರಕಾರಿ ಪ್ರಚಾರ ಚಿತ್ರಗಳು ಅರ್ಧ ಗಂಟೆ ಗೋಗರೆದರೂ ಆಗದ ಕೆಲಸ ಅದು. ಬೂಂಬಾ ನಗಿಸುತ್ತಾನೆ, ನಿಜ. ಆದರೆ ದೆಹಲಿಯಲ್ಲಿ ಭಾಂಗ್ಡಾ ಕುಣಿಸಿ ನಗಿಸುವುದು ಸುಲಭದ ಹಾದಿ.

ಕಾರ್ಯಕ್ರಮದ ಕಟ್ಟಡ ವಿವಿಧ ವಿನೋದಾವಳಿಯದು. ಗಲ್ಲಿಯ ಒಂದು ಪ್ರಸಂಗ, ನಡುವೆ ನಿಜವಾದ ಮಕ್ಕಳ ಮೇಲೆ ತೆಗೆದ ಪುಟ್ಟ ಚಿತ್ರ, ಒಂದು ಅಕ್ಷರ, ಒಂದು ಅಂಕಿ, ಆಮೇಲೆ ಅಮೆರಿಕದ ಹಳೆಯ ಉಗ್ರಾಣದಿಂದ ತೆಗೆದ ಎರ್ನಿ ಮತ್ತು ಬರ್ಟ್ ಜೋಡಿ, ಹಿಂದಿಯ ಕಂಠದಲ್ಲಿ. ಈ ಕೊನೆಯ ತುಂಡುಗಳು ಬಂದಾಗ ಹೊಲಿಗೆ ಎದ್ದು ಕಾಣುತ್ತಿತ್ತು. ಗಲ್ಲಿಯ ಬೆಳಕೇ ಬೇರೆ, ಅವರಿಬ್ಬರ ಮಲಗುವ ಕೋಣೆಯ ಬೆಳಕೇ ಬೇರೆ. ನಮ್ಮ ಮಕ್ಕಳ ಚಿತ್ರಗಳು ಮಾತ್ರ ಇಡೀ ಕಾರ್ಯಕ್ರಮದ ತಿರುಳು ಎನ್ನಬೇಕು. ಬೊಂಬೆಯ ಗದ್ದಲದ ನಡುವೆ ಒಂದು ಮಗು ಸುಮ್ಮನೆ ತನ್ನ ಕೆಲಸ ಮಾಡುವುದನ್ನು ನೋಡುವ ಸುಖ ಅದರಲ್ಲಿತ್ತು.

ಬೊಂಬೆಗೆ ವಿಳಾಸ ಬೇಕು. ಈ ಮಾತಿಗೆ ಒಳ್ಳೆಯ ಸಾಕ್ಷಿ ಈ ಬೊಂಬೆಗಳ ಜನಕ ಜಿಮ್ ಹೆನ್ಸನ್‌ನ ಬದುಕಿನಲ್ಲೇ ಇದೆ. 1976ರಿಂದ 1981ರವರೆಗೆ ಆತನ ‘ಮಪೆಟ್ ಶೋ’ 120 ಕಂತು ಓಡಿತು. ಅದಕ್ಕೊಂದು ಹಳೆಯ ನಾಟಕಶಾಲೆಯಿತ್ತು, ನೇಪಥ್ಯವಿತ್ತು, ಮೇಲಿನ ಮಾಡದಲ್ಲಿ ಕುಳಿತು ಗೊಣಗುವ ಇಬ್ಬರು ಮುದುಕರಿದ್ದರು. 1989ರ ಏಪ್ರಿಲ್‌ನಲ್ಲಿ ಅದೇ ಹೆನ್ಸನ್ ‘ಜಿಮ್ ಹೆನ್ಸನ್ ಅವರ್’ ಎಂಬ ಹೊಸ ವಿನೋದಾವಳಿ ತಂದ. ಹಣವಿತ್ತು, ಹೊಸ ತಂತ್ರವಿತ್ತು, ಹಳೆಯ ಕಪ್ಪೆರಾಯನೂ ಇದ್ದ. ಆದರೆ ನಾಟಕಶಾಲೆ ಹೋಗಿ, ಅದರ ಜಾಗದಲ್ಲಿ ಟೆಲಿವಿಷನ್ ಪರದೆಗಳು ತುಂಬಿದ ಒಂದು ಕೋಣೆ ಬಂದಿತ್ತು. ಅದು ಕೆಲವೇ ತಿಂಗಳಲ್ಲಿ ನಿಂತುಹೋಯಿತು. ಮರುವರ್ಷ ಮೇ ತಿಂಗಳಲ್ಲಿ ಹೆನ್ಸನ್ನನೇ ತೀರಿಕೊಂಡ. ಆ ಸರಣಿ ಬಿದ್ದದ್ದಕ್ಕೆ ಕಾರಣಗಳು ಹಲವಿರಬಹುದು. ಬೊಂಬೆಗಳಿಗೆ ನಿಲ್ಲಲು ಊರಿಲ್ಲದ್ದೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ನಮ್ಮ ಗಲ್ಲಿಗೆ ವಿಳಾಸವಿತ್ತೆ? ಇತ್ತು, ಆದರೆ ಯಾರದೂ ಅಲ್ಲದ ವಿಳಾಸ. ಅಂಗಡಿಯ ಬಾಷಾ, ನಿವೃತ್ತ ಕರ್ನಲ್ ಪಿಂಟೋ: ಹೆಸರುಗಳಲ್ಲಿ ಭಾರತ ಇಡಿಯಾಗಿ ಇದೆ. ಭಾಷೆಯಲ್ಲಿ ಇಲ್ಲ. ಎಲ್ಲರದೂ ತೊಳೆದು ಮಡಿಸಿದ ಒಂದೇ ಹಿಂದಿ. ರಾಮಕೃಷ್ಣಪುರದ ಸರಕಾರಿ ಕ್ವಾರ್ಟರ್ಸುಗಳಲ್ಲಿ, ಮುನಿರ್ಕಾದಲ್ಲಿ, ಮಯೂರ ವಿಹಾರದಲ್ಲಿ ಬೆಳೆದ ಯಾವ ಮಗುವಾದರೂ ಹೇಳೀತು, ಗಲ್ಲಿ ಎಂದರೆ ಹಾಗಲ್ಲ ಎಂದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದೊಂದು ಕಿಟಕಿಯಿಂದ ಒಂದೊಂದು ಭಾಷೆಯಲ್ಲಿ ಕೂಗು ಬರುತ್ತದೆ: ಮಲಯಾಳದಲ್ಲಿ ಒಂದು, ಬಂಗಾಳಿಯಲ್ಲಿ ಒಂದು, ಗಢವಾಲಿಯಲ್ಲಿ ಒಂದು, ಮೂರನೆಯ ಮಹಡಿಯಿಂದ ‘ಏ ಪುಟ್ಟಾ, ಸಾಕು ಬಾರೋ ಒಳಗೆ’ ಎಂದು ನಮ್ಮದೊಂದು. ಕೆಳಗೆ ಆಡುವ ಹುಡುಗರು ಹಿಂದಿಯಲ್ಲೇ ಜಗಳವಾಡುತ್ತಿರುತ್ತಾರೆ. ಆದರೆ ಯಾರ ಕಿಟಕಿ ಯಾವ ಭಾಷೆಯದು ಎಂದು ಎಲ್ಲರಿಗೂ ಗೊತ್ತು. ಈ ಕಿಟಕಿಗಳನ್ನು ಮುಚ್ಚಿದ ಮೇಲೆ ಉಳಿದದ್ದು ಸಿಮ್ ಸಿಮ್‌ನ ಗಲ್ಲಿ. ಮಾಡಿದವರ ಉದ್ದೇಶ ಒಳ್ಳೆಯದೇ. ಅಕ್ಷರ, ಆರೋಗ್ಯ, ಪರರ ಬಗ್ಗೆ ಗೌರವ ಎಲ್ಲವನ್ನೂ ಯೋಚಿಸಿ ಸೇರಿಸಿದ್ದರು. ಗೌರವ ಕಲಿಸುವಾಗ ಪಕ್ಕದ ಮನೆಯ ಭಾಷೆಯ ನೆನಪು ಮಾತ್ರ ಸಾಕಷ್ಟು ಬರಲಿಲ್ಲ. ಹಾಗೆ ನೋಡಿದರೆ ‘ಮಾಲ್ಗುಡಿ ಡೇಸ್’ ಕಾಲದಲ್ಲೇ ಆಗುಂಬೆ ಹಿಂದಿ ಮಾತಾಡಿತ್ತು, ನಾವು ಹೆಮ್ಮೆಯಿಂದ ನೋಡಿದ್ದೆವು. ಆದರೆ ಅದು ಅನುವಾದ ಎಂಬುದು ನಮಗೆ ತಿಳಿದಿತ್ತು. ಮೂರು ವರ್ಷದ ಕೂಸಿಗೆ ಅದು ತಿಳಿಯುವುದಿಲ್ಲ.

ಇನ್ನು ಕೈಚಳಕದ ಮಾತು. ಈ ಬೊಂಬೆಗಳು ನ್ಯೂಯಾರ್ಕಿನಲ್ಲಿ ಸಿದ್ಧವಾಗಿ ಬಂದವು, ಆಡಿಸಿದವರು ನಮ್ಮವರು. ಆಡಿಸುವವನು ಕೆಳಗಿದ್ದು ತೋಳನ್ನು ತಲೆಯ ಮೇಲಕ್ಕೆ ಎತ್ತಿರುತ್ತಾನೆ. ಒಂದು ಕೈ ಬೊಂಬೆಯ ಬಾಯೊಳಗೆ, ಇನ್ನೊಂದು ಕೈಯಲ್ಲಿ ಅದರ ತೋಳಿಗೆ ಕಟ್ಟಿದ ಸಣ್ಣ ಕಡ್ಡಿ. ಕಣ್ಣು ಮಾತ್ರ ಎದುರಿನ ಮಾನಿಟರಿನ ಮೇಲೆ. ಎಂದರೆ ಮನೆಯಲ್ಲಿ ಕುಳಿತ ಮಗುವಿಗೆ ಕಾಣುವುದೇ ಅವನಿಗೂ ಕಾಣುತ್ತದೆ. ನಮ್ಮ ಉಪ್ಪಿನಕುದ್ರಿನ ಯಕ್ಷಗಾನ ಬೊಂಬೆಯಾಟದಲ್ಲಿ ಇದು ತಿರುಗುಮುರುಗು. ಆಡಿಸುವವನು ಮೇಲಿದ್ದಾನೆ, ಒಂದೂವರೆ ಅಡಿಯ ಮರದ ಬೊಂಬೆ ಕೆಳಗೆ ಸೂತ್ರದಲ್ಲಿ ತೂಗುತ್ತದೆ. ಅದರ ಮುಖ ಪ್ರೇಕ್ಷಕರ ಕಡೆಗೆ. ತಾನು ಕುಣಿಸುವ ಕೌರವನ ಮುಖವನ್ನು ಕುಣಿಸುವವನೇ ನೋಡುವಂತಿಲ್ಲ! ಭಾಗವತರ ಪದ, ಮದ್ದಳೆಯ ಪೆಟ್ಟು ಇವೇ ಅವನ ಮಾನಿಟರ್. ಬೊಂಬೆಯ ಬಾಯಿ ಅಲುಗುವುದಿಲ್ಲ. ಕತ್ತು ಕೊಂಕಿದರೆ ಸಿಟ್ಟು, ಹೆಜ್ಜೆ ಹಿಂದೆ ಸರಿದರೆ ಭಯ. ಕೊಗ್ಗ ಕಾಮತರ ಈ ವಿದ್ಯೆಯನ್ನು ಗುರುತಿಸಿ ಪುರಸ್ಕರಿಸಿದ್ದು ಇದೇ ದೆಹಲಿಯ ಸಂಗೀತ ನಾಟಕ ಅಕಾಡೆಮಿ. ಈಗ ಅವರ ಮಗ ಭಾಸ್ಕರ ಕೊಗ್ಗ ಕಾಮತರು ಆ ಮೇಳವನ್ನು ನಡೆಸುತ್ತಿದ್ದಾರೆ. ಕಾಸರಗೋಡಿನಲ್ಲಿ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘವಿದೆ.

ಶಾದೀಪುರದ ಕಠ್‌ಪುತ್ಲಿ ಕಾಲೊನಿಯಲ್ಲಿ ರಾಜಸ್ಥಾನದ ಭಾಟರ ಬೊಂಬೆಗಳಿಗೂ ಬಾಯಿ ಅಲುಗುತ್ತಿರಲಿಲ್ಲ. ಆಡಿಸುವವನು ಬಾಯಲ್ಲಿ ಬೋಲಿ ಎಂಬ ಪೀಪಿಯನ್ನಿಟ್ಟುಕೊಂಡು ಕೀಚಲು ಸದ್ದು ಹೊರಡಿಸುತ್ತಾನೆ; ಅದರ ಅರ್ಥವನ್ನು ಪಕ್ಕದಲ್ಲಿ ಢೋಲಕ್ ಬಾರಿಸುವವರು ಹೇಳಬೇಕು. ಬೊಂಬೆಗೆ ಒಂದು ಭಾಷೆ, ನೋಡುವವರಿಗೆ ಇನ್ನೊಂದು, ನಡುವೆ ದುಭಾಷಿ: ಇದಕ್ಕಿಂತ ದೆಹಲಿತನ ಬೇರೆ ಬೇಕೆ? ಊರ ಮಧ್ಯೆ ಬೊಂಬೆಯವರದೇ ಒಂದು ಕೇರಿ ಇದ್ದಾಗ ಊರಿನ ಟೆಲಿವಿಷನ್ನಿನ ಬೊಂಬೆ ಅಟ್ಲಾಂಟಿಕ್ ದಾಟಿ ಬಂದದ್ದನ್ನು ನೆನೆದರೆ ಸ್ವಲ್ಪ ಮುಜುಗರವೇ. ಆ ಕೇರಿಯನ್ನೂ 2017ರಲ್ಲಿ ಕೆಡವಿದರು.

ಬಾಯಿ ಅಲುಗುವುದರಲ್ಲಿ ಒಂದು ಲಾಭವಿದೆ, ಅದನ್ನು ಒಪ್ಪಬೇಕು. ಚಮ್ಕಿಯ ತುಟಿ ನಟಿಯೊಬ್ಬಳ ತುಟಿಯಂತಲ್ಲ. ತೆರೆಯುವುದು, ಮುಚ್ಚುವುದು, ಎರಡೇ. ಆದ್ದರಿಂದ ಅವಳಿಗೆ ಬೇರೆ ಭಾಷೆ ಕೂರಿಸುವುದು ಮನುಷ್ಯರ ಚಿತ್ರಕ್ಕೆ ಕೂರಿಸುವಷ್ಟು ಕಷ್ಟವಲ್ಲ. ಹಾಗೆಂದು ತೀರ ಸಲೀಸೂ ಅಲ್ಲ. ಹಿಂದಿಯ ‘ಘರ್’ ಎಂಬುದಕ್ಕೆ ಬೊಂಬೆ ಒಂದು ಸಲ ಬಾಯಿ ತೆರೆದರೆ ಸಾಕು, ನಮ್ಮ ‘ಮನೆ’ಗೆ ಎರಡು ಸಲ, ‘ಕಿತಾಬ್’ಗೆ ಎರಡಾದರೆ ‘ಪುಸ್ತಕ’ಕ್ಕೆ ಮೂರು. ಜೊತೆಗೆ ನಮ್ಮ ಮಾತು ಸ್ವರದಲ್ಲಿ ಕೊನೆಯಾಗುತ್ತದೆ, ಬಾಯಿ ತೆರೆದೇ ಉಳಿಯುತ್ತದೆ. ಕನ್ನಡದ ಚಮ್ಕಿ ಹಿಂದಿಯ ಚಮ್ಕಿಗಿಂತ ದೊಡ್ಡ ವಾಚಾಳಿಯಾಗುತ್ತಿದ್ದಳು. ಅಂಥವಳೇ ನಮಗೆ ಬೇಕಿತ್ತು.

ಯಾಕೆಂದರೆ ನಮ್ಮ ಮನೆಗಳಲ್ಲಿ ಮಗುವಿನ ಕಿವಿಗೆ ಬೀಳುವ ಕನ್ನಡ ಯಾವುದು? ‘ಊಟ ಮಾಡು’, ‘ಹೋಮ್‌ವರ್ಕ್ ಆಯ್ತಾ’, ‘ಅಜ್ಜಿಗೆ ನಮಸ್ಕಾರ ಹೇಳು’. ಎಲ್ಲವೂ ದೊಡ್ಡವರ ಬಾಯಿಂದ, ಎಲ್ಲವೂ ಆಜ್ಞೆ. ತನ್ನ ವಾರಗೆಯವರೊಡನೆ ಸುಳ್ಳು ಹೇಳಲು, ಅಣಕಿಸಲು, ಗುಟ್ಟು ಹಂಚಿಕೊಳ್ಳಲು ಬೇಕಾದ ಕನ್ನಡ ಅದಕ್ಕೆ ಸಿಗುವುದೇ ಇಲ್ಲ. ಬೇಸಿಗೆಯಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ ಒಂದು ತಿಂಗಳ ಮಟ್ಟಿಗೆ ಸಿಕ್ಕಿದ್ದು, ಶಾಲೆ ಶುರುವಾದ ವಾರಕ್ಕೆ ಆರಿಹೋಗುತ್ತದೆ. ಬೊಂಬೆಯೊಂದೇ ದೊಡ್ಡವರ ದನಿಯನ್ನು ಮಗುವಿನ ದನಿಯಾಗಿಸಬಲ್ಲದು. ತಾಯಿ ಕೈಗೆ ಕಾಲುಚೀಲ ಹಾಕಿಕೊಂಡು ಎರಡು ಗುಂಡಿ ಕಣ್ಣು ಹೊಲಿದು ಮಾತಾಡಿಸಿದರೂ ಮಗು ತಾಯಿಯ ಮುಖ ನೋಡುವುದಿಲ್ಲ, ಕಾಲುಚೀಲಕ್ಕೇ ಉತ್ತರ ಕೊಡುತ್ತದೆ. ಅದು ಕೇಳಿದ ಭಾಷೆಯಲ್ಲೇ ಕೊಡುತ್ತದೆ. ಬೇಕಾದವರು ಇಂದು ಸಂಜೆಯೇ ಮಾಡಿ ನೋಡಬಹುದು.

ಸಿಮ್ ಸಿಮ್ ಮುಂದೆ ರೇಡಿಯೋಗೂ ಹೋಯಿತು. ಗುರ್‌ಗಾಂವಿನ ಸಮುದಾಯ ಬಾನುಲಿ ‘ಗುರ್‌ಗಾಂವ್ ಕೀ ಆವಾಜ್’ನಲ್ಲಿ ಬೊಂಬೆಗಳು ಬರೀ ದನಿಯಾಗಿ ಮಾತಾಡಿದವು. ಕಾಣದ ಬೊಂಬೆಗೂ ಕೇಳುಗರಿದ್ದಾರೆ ಎಂದಮೇಲೆ ಸ್ಟುಡಿಯೋ, ಕ್ಯಾಮೆರಾಗಳ ಖರ್ಚಿನ ನೆಪ ಹೇಳುವಂತಿಲ್ಲ. ಕನ್ನಡ ಚಮ್ಕಿಗೆ ಕಂಠ ಕೊಡಲು ಬೆಂಗಳೂರಿನಿಂದ ಕಲಾವಿದರನ್ನೂ ಕರೆಸಬೇಕಿಲ್ಲ. ಲೋದಿ ಎಸ್ಟೇಟಿನ ನಮ್ಮ ಕನ್ನಡ ಶಾಲೆಯ ಅಂಗಳದಲ್ಲಿ ಅಂಥ ದನಿಗಳು ಸಿಕ್ಕಾವು. ಅವುಗಳ ಕನ್ನಡದಲ್ಲಿ ನಡುನಡುವೆ ಹಿಂದಿ ಇಣುಕುತ್ತದೆ. ಇಣುಕಲಿ, ಆ ಗಲ್ಲಿಯಲ್ಲಿ ಕಿಟಕಿ ತೆರೆದಿಟ್ಟರೆ ಕೇಳಿಸುವ ಕನ್ನಡ ಹಾಗೆಯೇ ಇರುವುದು.