ಕಂಬದ ಮೇಲಿನ ಲಿಂಗಮುದ್ರೆ: ಹಳೇಬೀಡಿನ 1638ರ ಶಾಸನ

ವೀರಶೈವ ಸಾಹಿತ್ಯವೆಂದೊಡನೆ ಅಭ್ಯಾಸಿಗಳ ಮನಸ್ಸು ವಚನ, ರಗಳೆ, ಪುರಾಣಗಳ ಕಡೆಗೆ ಹರಿಯುವುದು ಸಹಜವೇ. ಆದರೆ ಓಲೆಗರಿಯಲ್ಲಿ ಉಳಿದು ಬಂದ ಸಾಹಿತ್ಯದಂತೆಯೇ ಶಿಲೆಯ ಮೇಲೆ ಕೊರೆದ ಸಾಹಿತ್ಯವೂ ಒಂದು ಸಮಾಜದ ಅಂತರಂಗವನ್ನು ತೆರೆದು ತೋರಬಲ್ಲುದು. ಅಂಥ ಬರಹಗಳಲ್ಲಿ ಹಳೇಬೀಡಿನ 1638ರ ಶಾಸನಕ್ಕೆ ಒಂದು ವಿಶಿಷ್ಟ ಸ್ಥಾನವಿದೆ. ಅನ್ಯಧರ್ಮೀಯರ ಪೂಜಾಸ್ವಾತಂತ್ರ್ಯವನ್ನು ಕಾಪಾಡುವುದಕ್ಕಾಗಿ ವೀರಶೈವ ಹಿರಿಯರೇ ಕೂಡಿ ಹಾಕಿಸಿದ ಕಲ್ಬರಹ ಅದು. ರೈಸರು ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ 5ನೆಯ ಸಂಪುಟದಲ್ಲಿ ಅಚ್ಚಾಗಿದ್ದರೂ ಶರಣಸಾಹಿತ್ಯದ ವಿದ್ಯಾರ್ಥಿಗಳ ಕಣ್ಣಿಗೆ ಅದು ಬಿದ್ದದ್ದು ವಿರಳ.

ಈ ಶಾಸನದ ಅರ್ಥ ತಿಳಿಯಬೇಕಾದರೆ ಸುತ್ತಣ ನಾಡಿನ ಧಾರ್ಮಿಕ ಹಿನ್ನೆಲೆಯನ್ನು ನೆನೆಯಬೇಕು. ಇಂದು ಕಾಫಿಯ ತೋಟಗಳಿಂದ ಹೆಸರಾದ ಚಿಕ್ಕಮಗಳೂರು ಸೀಮೆ ಒಂದು ಕಾಲಕ್ಕೆ ಜಿನಧರ್ಮದ ನೆಲೆವೀಡಾಗಿತ್ತು. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವೇ ಶಾಸನಗಳ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಹುಲಿಯನ್ನು ಹೊಯ್ದ ಸಳನ ಐತಿಹ್ಯದಲ್ಲಿ ಜೈನ ಮುನಿಯೊಬ್ಬನು ಬರುತ್ತಾನೆ. ಅಲ್ಲಿ ಜೀರ್ಣವಾದ ಬಸದಿಗಳೂ ವಾಸಂತಿಕಾ ದೇವಿಯ ಗುಡಿಯೂ ಒಂದೇ ಊರಿನ ಮಣ್ಣಿನಲ್ಲಿ ನಿಂತಿವೆ. ಭದ್ರಾತೀರದ ಕಳಸವನ್ನು ಆಳಿದವರು ಸಾಂತರ ಪರಂಪರೆಯ ಜೈನ ಅರಸರು. 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯನು ಈ ಕಳಸ-ಕಾರ್ಕಳ ರಾಜ್ಯದವನೇ. ಜಿನಭಕ್ತರಾದ ಆ ಮನೆತನದವರು ಕಳಸೇಶ್ವರನ ಸನ್ನಿಧಿಗೆ ದತ್ತಿಗಳನ್ನು ಬಿಟ್ಟರು. ಆಳುವವರ ಧರ್ಮ ಒಂದು, ಪ್ರಜೆಗಳು ನಂಬಿದ ದೈವ ಇನ್ನೊಂದು. ಆದರೂ ಶಿವನ ಗುಡಿಯ ದೀಪ ಆರಲಿಲ್ಲ.

ಕಾಲ ತಿರುಗಿತು. ಹದಿನೇಳನೆಯ ಶತಮಾನದ ವೇಳೆಗೆ ಈ ಸೀಮೆಯಲ್ಲಿ ಜೈನರು ಅಲ್ಪಸಂಖ್ಯಾತರಾಗಿದ್ದರು. ವೀರಶೈವ ಮಹಾಮಹತ್ತಿನ ಮಾತಿಗೆ ತೂಕ ಬಂದಿತ್ತು. ಬೇಲೂರು ನಾಯಕರ ಆಳ್ವಿಕೆಯ ಆ ದಿನಗಳಲ್ಲಿ ಹುಚ್ಚಪ್ಪದೇವನೆಂಬ ವೀರಶೈವನು ಹಳೇಬೀಡಿನ ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಲಿಂಗಮುದ್ರೆಯನ್ನು ಒತ್ತಿದನು. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ನೆನಪಿಗಾಗಿ ಅವನ ಮಗ ಬೊಪ್ಪನು 1133ರಲ್ಲಿ ಕಟ್ಟಿಸಿದ ಬಸದಿ ಅದು. ಕನ್ನಡಿಯಂತೆ ಹೊಳೆಯುವ ಅಲ್ಲಿಯ ಕಂಬಗಳು ಇಂದಿಗೂ ನೋಡುವವರನ್ನು ಬೆರಗುಗೊಳಿಸುತ್ತವೆ. ವಿಜಯಪ್ಪನೆಂಬ ಜೈನನು ಆ ಮುದ್ರೆಯನ್ನು ಅಳಿಸಿದನು. ಒತ್ತಿದವನಿಗೆ ಅದು ಭಕ್ತಿ, ಅಳಿಸಿದವನಿಗೆ ಧರ್ಮರಕ್ಷಣೆ. ನೆತ್ತರು ಹರಿಯಲು ಇಷ್ಟೇ ಸಾಕಾಗಿತ್ತು. ಆದರೆ ಜೈನ ಪ್ರಮುಖರು ಅರಿಕೆ ಮಾಡಿಕೊಂಡರು. ಮಹಾಮಹತ್ತಿನವರು ಕೂಡಿ ವಿಚಾರಿಸಿದರು. ವಿಭೂತಿ ವೀಳ್ಯವನ್ನು ಸಲ್ಲಿಸಿ, ಆಮೇಲೆ ಜೈನರು ತಮ್ಮ ಪೂರ್ವಪದ್ಧತಿಯಂತೆ ವಿಜಯಪಾರ್ಶ್ವನಾಥನ ಪೂಜೆ ಪುನಸ್ಕಾರಗಳನ್ನು ಸೂರ್ಯಚಂದ್ರರಿರುವವರೆಗೆ ನಡೆಸಿಕೊಂಡು ಹೋಗಬಹುದೆಂದು ತೀರ್ಮಾನಿಸಿ ಕಲ್ಲಿನಲ್ಲಿ ಬರೆಯಿಸಿದರು.

ಈ ಬರಹವನ್ನು ಸಾಹಿತ್ಯದ ದೃಷ್ಟಿಯಿಂದ ಪರಿಶೀಲಿಸುವವರು ಅದನ್ನು ಏಕಾಂತದ ರಾಮಯ್ಯನ ಕಥೆಯ ಪಕ್ಕದಲ್ಲಿಟ್ಟು ನೋಡುವುದು ಉಚಿತ. ಅಬ್ಬಲೂರಿನಲ್ಲಿ ಜೈನರೊಡನೆ ಪಂಥ ಕಟ್ಟಿ, ಶಿರವನ್ನರಿದುಕೊಂಡು ಮರಳಿ ಪಡೆದ ಆ ಶರಣನ ವೃತ್ತಾಂತ ಅಲ್ಲಿಯ ಸೋಮೇಶ್ವರ ದೇವಾಲಯದ ಶಾಸನದಲ್ಲಿಯೂ ಹರಿಹರನ ರಗಳೆಯಲ್ಲಿಯೂ ಬಂದಿದೆ. ಭಕ್ತಿಯ ಆವೇಶವನ್ನು ಮಾತಿನಲ್ಲಿ ಹಿಡಿಯುವುದರಲ್ಲಿ ಹರಿಹರನಿಗೆ ಸಮಾನರು ವಿರಳ. ಆದರೆ ಪವಾಡದ ಕಥನಕ್ಕೆ ಒಂದು ಮಿತಿಯಿದೆ. ಅಲ್ಲಿ ಎದುರಾಳಿ ಇರುವುದು ಸೋಲುವುದಕ್ಕಾಗಿಯೇ. ಅವನ ಮನೆ, ಅವನ ಪೂಜೆ, ಅವನ ನೋವು ಕವಿಯ ಕಣ್ಣಿಗೆ ಬೀಳುವುದಿಲ್ಲ. ಹಳೇಬೀಡಿನ ಶಾಸನದಲ್ಲಿಯಾದರೋ ಎದುರಾಳಿಗೆ ಹೆಸರಿದೆ, ಪದ್ಧತಿಯಿದೆ, ಹಕ್ಕಿದೆ. ತಮ್ಮವನ ಹೆಸರನ್ನೂ ಹಿರಿಯರು ಮುಚ್ಚಿಡಲಿಲ್ಲ. ಮುದ್ರೆ ಒತ್ತಿದವನು ಹುಚ್ಚಪ್ಪದೇವನೆಂದು ಸ್ಪಷ್ಟವಾಗಿ ಬರೆಯಿಸಿದರು. ಸ್ವಪಕ್ಷದ ತಪ್ಪನ್ನು ಆಚಂದ್ರಾರ್ಕವಾಗಿ ಕಲ್ಲಿನಲ್ಲಿ ನಿಲ್ಲಿಸುವ ಧೈರ್ಯ ಪವಾಡಕ್ಕಿಂತ ಕಿರಿದಾದುದೆಂದು ಹೇಳಲಾಗದು.

ತತ್ತ್ವದ ದೃಷ್ಟಿಯಿಂದಲೂ ಇಲ್ಲಿ ಚಿಂತನೀಯವಾದ ಒಂದು ಅಂಶವಿದೆ. ಇಷ್ಟಲಿಂಗವು ಗುರುವಿನಿಂದ ಶಿಷ್ಯನ ಕರಸ್ಥಲಕ್ಕೆ ಬರುವಂಥದು. ದೀಕ್ಷೆಯನ್ನು ಬಯಸಿ ಬಂದವನಿಗೆ ಮಾತ್ರ ಗುರುಕರುಣೆ. ಬಯಸದವನ ಕೊರಳಿಗೆ ಕಟ್ಟಿದ್ದು ಲಿಂಗವಾಗದು, ಹೊರೆಯಾಗುತ್ತದೆ. ಹೀಗಿರುವಾಗ ಅನ್ಯರ ಬಸದಿಯ ಕಂಬಕ್ಕೆ ಒತ್ತಿದ ಮುದ್ರೆಗೆ ಯಾವ ಗುರು, ಯಾವ ದೀಕ್ಷೆ? ವಚನಕಾರರಲ್ಲಿ ಪರದೈವ, ಪರಸಮಯಗಳನ್ನು ಕುರಿತು ಕಟುವಾದ ಮಾತುಗಳಿವೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ನಿಷ್ಠುರತೆಯೆಲ್ಲ ತನ್ನ ನಿಷ್ಠೆಯನ್ನು ಗಟ್ಟಿಗೊಳಿಸಿಕೊಳ್ಳಲು ಭಕ್ತನು ತನಗೆ ತಾನೇ ಹಾಕಿಕೊಂಡ ಕಟ್ಟು. ಅದನ್ನು ಪರರ ಗುಡಿಯ ಬಾಗಿಲಿಗೆ ಬೀಗವಾಗಿ ಬಳಸುವುದು ವಚನದ ಪದವನ್ನು ಹಿಡಿದು ಅರ್ಥವನ್ನು ಬಿಟ್ಟಂತೆ. ಮಹಾಮಹತ್ತಿನ ಹಿರಿಯರಿಗೆ ಈ ಅಂತರ ತಿಳಿದಿತ್ತು.

ಅದಕ್ಕೆ ಸಾಕ್ಷಿ ಶಾಸನದ ಶಾಪಾಶಯ. ಶಾಸನಗಳ ಕೊನೆಯಲ್ಲಿ ಗೋಹತ್ಯೆಯ ಪಾಪವನ್ನೋ ನರಕವನ್ನೋ ಹೇಳಿ ಅಪಹಾರಿಗಳನ್ನು ಹೆದರಿಸುವುದು ರೂಢಿ. ಇಲ್ಲಿಯ ಶಾಪ ಹಾಗಿಲ್ಲ. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವನು ಮಹಾಮಹತ್ತಿನ ಪಾದಕ್ಕೂ ಶಿವನಿಗೂ ಜಂಗಮಕ್ಕೂ ವಿಭೂತಿ ರುದ್ರಾಕ್ಷಿಗಳಿಗೂ ಕಾಶಿ ರಾಮೇಶ್ವರಗಳ ಲಿಂಗಕ್ಕೂ ದ್ರೋಹಿಯೆಂಬುದು ಅದರ ತಾತ್ಪರ್ಯ. ಜೈನನಿಗೆ ರುದ್ರಾಕ್ಷಿಯ ಆಣೆಯ ಭಯವಿಲ್ಲ. ಆದುದರಿಂದ ಈ ಶಾಪದ ಗುರಿ ವೀರಶೈವನೇ. ಅನ್ಯರ ಪೂಜೆಗೆ ಮಾಡಿದ ಹಾನಿ ಸ್ವಂತ ಲಿಂಗಕ್ಕೆ ಎಸಗಿದ ದ್ರೋಹವೆಂದು ಸ್ವಮತದ ಪರಿಭಾಷೆಯಲ್ಲಿಯೇ ಸಾರಿದುದು ಈ ಬರಹದ ಹೃದಯ. ಸಹನೆಯನ್ನು ಹೊರಗಿನಿಂದ ತಂದು ಧರ್ಮಕ್ಕೆ ಅಂಟಿಸದೆ ಧರ್ಮದ ಒಳಗಿನಿಂದಲೇ ಎತ್ತಿ ತೋರಿಸಿದ್ದು ಅದರ ಹಿರಿಮೆ.

ಶ್ರವಣಬೆಳಗೊಳದ 1368ರ ಬುಕ್ಕರಾಯನ ಶಾಸನದೊಡನೆ ಹೋಲಿಸಿದರೆ ಈ ಹಿರಿಮೆ ಇನ್ನೂ ವಿಶದವಾಗುತ್ತದೆ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಬಂದಾಗ ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿಟ್ಟನು. ಪಂಚಮಹಾವಾದ್ಯ, ಕಲಶಗಳ ಮರ್ಯಾದೆ ಜೈನರಿಗೂ ಉಂಟೆಂದು ವಿಧಿಸಿದನು. ಜೈನರ ಮನೆಮನೆಯಿಂದ ಕೂಡುವ ಹಣದಿಂದ ಬೆಳಗೊಳದಲ್ಲಿ 20 ಮಂದಿ ಕಾವಲುಗಾರರನ್ನು ಇರಿಸಿ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವ ವ್ಯವಸ್ಥೆಯಾಯಿತು. ಅದು ರಾಜಾಜ್ಞೆಯಿಂದ ಬಂದ ಶಾಂತಿ. ಆಜ್ಞೆಯ ಬಲ ಅರಸನಿರುವವರೆಗೆ. ಹಳೇಬೀಡಿನಲ್ಲಿಯೋ ಬಲಿಷ್ಠ ಸಮಾಜದ ಹಿರಿಯರೇ ತಮ್ಮವರ ಕೈಯನ್ನು ಕಟ್ಟಿದರು. ಅಲ್ಪಸಂಖ್ಯಾತರಿಗೆ ಅರಸನ ರಕ್ಷಣೆ ಬೇಕು, ನಿಜ. ನೆರೆಯವನ ಆತ್ಮಸಂಯಮ ಅದಕ್ಕಿಂತ ಹೆಚ್ಚಾಗಿ ಬೇಕು.

ಹಾಗೆಂದು ಈ ಶಾಸನವನ್ನು ಕೇವಲ ಕೊಂಡಾಡಿ ಮುಗಿಸುವುದು ವಿಮರ್ಶೆಯಾಗದು. ಮೊದಲು ವಿಭೂತಿ ವೀಳ್ಯ, ಆಮೇಲೆ ಜಿನಪೂಜೆ ಎಂಬ ನಿಬಂಧನೆಯನ್ನು ಎಚ್ಚರದಿಂದ ಓದಬೇಕು. ವೀಳ್ಯ ಕೊಡುವುದು ಈ ನಾಡಿನಲ್ಲಿ ಸೌಹಾರ್ದದ ಗುರುತು. ಮುರಿದ ನಂಟನ್ನು ಬೆಸೆಯುವ ರೀತಿ. ಆ ಕಾಲದ ಹಿರಿಯರು ಅದನ್ನು ಹಾಗೆಯೇ ಭಾವಿಸಿರಬಹುದು. ಆದರೂ ವಿಭೂತಿಯನ್ನು ಸಲ್ಲಿಸಬೇಕಾದವನು ಜೈನನೇ ಹೊರತು ಜಿನನಿಗೆ ಗಂಧ ಸಲ್ಲಿಸಬೇಕೆಂದು ವೀರಶೈವನಿಗೆ ವಿಧಿಸಲಿಲ್ಲ. ತಪ್ಪು ಒಂದು ಕಡೆಯದು, ಕಪ್ಪ ಮತ್ತೊಂದು ಕಡೆಯದು ಎಂದಂತಾಯಿತು. ಕೊಟ್ಟ ಸ್ವಾತಂತ್ರ್ಯದಲ್ಲಿ ಕೊಡುವವನ ಹಿರಿತನದ ನೆರಳು ಉಳಿದೇ ಇತ್ತು. ಶಾಸನದ ಗುಣವನ್ನು ಮೆಚ್ಚುವವರು ಈ ಮಿತಿಯನ್ನು ಒಪ್ಪಿಕೊಳ್ಳಬೇಕು.

ಆ ಮಿತಿಯನ್ನು ದಾಟಿದುದು 1950ರಲ್ಲಿ ಜಾರಿಗೆ ಬಂದ ಸಂವಿಧಾನ. ಅದರ 25ನೆಯ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಯಾರ ಕೃಪೆಯೂ ಅಲ್ಲದ ಹಕ್ಕೆಂದು ಸಾರಿತು. 26ನೆಯ ವಿಧಿ ಧಾರ್ಮಿಕ ಪಂಗಡಗಳಿಗೆ ತಮ್ಮ ಧರ್ಮದ ವ್ಯವಹಾರವನ್ನು ತಾವೇ ನಡೆಸಿಕೊಳ್ಳುವ ಅಧಿಕಾರವನ್ನಿತ್ತಿತು. 2011ರ ಜನಗಣತಿಯಂತೆ ಕರ್ನಾಟಕದ ಜೈನರು ಸುಮಾರು 4.4 ಲಕ್ಷ, ನೂರಕ್ಕೆ ಒಬ್ಬರೂ ಇಲ್ಲ. 2014ರಲ್ಲಿ ಕೇಂದ್ರ ಸರ್ಕಾರ ಅವರನ್ನು ಅಲ್ಪಸಂಖ್ಯಾತರೆಂದು ಅಧಿಕೃತವಾಗಿ ಘೋಷಿಸಿತು. ಇಂದು ಪಾರ್ಶ್ವನಾಥನ ಮುಂದೆ ಕೈಮುಗಿಯುವವನು ಮೊದಲು ಯಾರಿಗೂ ವೀಳ್ಯವನ್ನು ಸಲ್ಲಿಸಬೇಕಾಗಿಲ್ಲ.

ಆದರೆ ವಿಧಿಯ ಅಕ್ಷರವೊಂದೇ ನೆರೆಹೊರೆಯನ್ನು ಕಟ್ಟಲಾರದು. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಯ ಗುಹೆಯನ್ನು ದತ್ತಾತ್ರೇಯನ ಪೀಠವೆಂದು ನಮಿಸುವವರೂ ಇದ್ದಾರೆ, ದರ್ಗಾ ಎಂದು ನಮಿಸುವವರೂ ಇದ್ದಾರೆ. ಅಲ್ಲಿಯ ಪೂಜಾವಿಧಿಯ ವ್ಯಾಜ್ಯ ದಶಕಗಳ ಕಾಲ ನ್ಯಾಯಾಲಯಗಳಲ್ಲಿ ನಡೆದು ಬಂದಿದೆ. ಹಕ್ಕುಬಾಧ್ಯತೆಗಳನ್ನು ನಿರ್ಣಯಿಸುವುದು ನ್ಯಾಯಾಲಯದ ಕೆಲಸ. ಮಲೆಯ ಮೇಲೆ ಏರಿ ಬಂದ ಎರಡು ಬಗೆಯ ಭಕ್ತರು ಒಬ್ಬರನ್ನೊಬ್ಬರು ಯಾವ ಕಣ್ಣಿನಿಂದ ನೋಡಬೇಕೆಂಬುದನ್ನು ಹೇಳಬೇಕಾದವರು ಆಯಾ ಧರ್ಮದ ಹಿರಿಯರೇ. ಅದನ್ನು ಹೇಗೆ ಹೇಳಬೇಕೆಂಬುದಕ್ಕೆ ಮಾದರಿ ಹಳೇಬೀಡಿನ ಕಲ್ಲಿನಲ್ಲಿದೆ: ಎದುರಿನವನ ತಪ್ಪನ್ನು ಎಣಿಸುವ ಮೊದಲು ತನ್ನವನ ಕೈಯನ್ನು ಹಿಡಿಯುವುದು.

ಹುಚ್ಚಪ್ಪದೇವನು ಒತ್ತಿದ ಮುದ್ರೆ ಅಂದೇ ಅಳಿಯಿತು. ಅದಕ್ಕಾಗಿ ಹಿರಿಯರು ಬರೆಯಿಸಿದ ಮಾತು ಉಳಿಯಿತು. ಲಿಂಗವಂತನಿಗೆ ಗೌರವ ತರುವ ಮುದ್ರೆ ಈ ಎರಡರಲ್ಲಿ ಯಾವುದೆಂಬುದನ್ನು ಭಕ್ತರು ತಮ್ಮ ಅಂಗೈಯ ಲಿಂಗವನ್ನು ನೋಡುತ್ತ ನಿರ್ಧರಿಸಬಹುದು.